ಬೋಟ್ ಕನ್ಸೋಲ್ ನಾನೇ ಹೊಸದು ಮಾಡಿದ್ದು: ಗಂಟೆ ಎಷ್ಟು ಹಿಡಿಯಿತು, ಖರ್ಚು ಎಲ್ಲಿ ಹೋಯಿತು

ಬೋಟ್ ಕನ್ಸೋಲ್ ಅಂದರೆ ಚುಕ್ಕಾಣಿ, ಸ್ವಿಚ್, ಮೀಟರುಗಳು ಕೂರುವ ಕಟ್ಟೆ. ಅದರ ಕೆಲಸಕ್ಕೆ ಕೈ ಹಾಕುವಾಗ 30 ಗಂಟೆ ಸಾಕು ಅಂತ ಲೆಕ್ಕ ಹಾಕಿದ್ದೆ. ಹಿಡಿದದ್ದು 58. ಬಿಚ್ಚಿ ಗುರುತು ಹಾಕಲು 6, ಹಳೆ ತೂತು ಮುಚ್ಚಿ ಬಣ್ಣ ಹೊಡೆಯಲು 14, ಹೊಸ ಪ್ಯಾನಲ್‌ಗೆ 9, ವೈರಿಂಗ್‌ಗೆ 22, ಮತ್ತೆ ಕೂರಿಸಿ ಪರೀಕ್ಷಿಸಲು 7. ಎಪಾಕ್ಸಿ (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ಅಂಟು), ಬಣ್ಣ ಒಣಗಲು ಕಾದ ದಿನಗಳು ಇದರಲ್ಲಿಲ್ಲ. ಅವೂ ಸೇರಿ ಏಳು ವಾರಾಂತ್ಯ ಹೋಯಿತು.

ಬಿಚ್ಚುವಾಗ ಪ್ರತಿ ವೈರಿನ ಎರಡೂ ತುದಿಗೆ ನಂಬರ್ ಹಾಕಿ, ಫೋಟೋ ತೆಗೆದಿಟ್ಟುಕೊಳ್ಳಿ. ಬಣ್ಣ ನೋಡಿ ಗುರುತು ಹಿಡಿಯುತ್ತೇನೆ ಅನ್ನಬೇಡಿ. ಹಳೆ ಬೋಟಿನಲ್ಲಿ ಕೈಗೆ ಸಿಕ್ಕ ವೈರನ್ನೆಲ್ಲ ಯಾರೋ ಜೋಡಿಸಿರುತ್ತಾರೆ. ಕೆಂಪು ವೈರ್ ನೆಗೆಟಿವ್ ಆಗಿದ್ದರೂ ಆಶ್ಚರ್ಯವಿಲ್ಲ.

ಸಮಯ ತಿನ್ನುವುದು ಹಳೆ ತೂತುಗಳು. ಸುಮಾರು 85 ಮಿ.ಮೀ. ಟ್ಯಾಕೋಮೀಟರ್ (ಇಂಜಿನ್ ವೇಗ ತೋರಿಸುವ ಮೀಟರ್) ತೂತಿಗೆ ಪುಟ್ಟಿ ಮೆತ್ತಿ ಬಿಟ್ಟರೆ ಒಂದೇ ಋತುವಿನಲ್ಲಿ ಅಂಚಿನ ಸುತ್ತ ಬಿರುಕು ಬರುತ್ತದೆ. ಸುತ್ತಲೂ 12ಕ್ಕೆ 1ರ ಇಳಿಜಾರು ಉಜ್ಜಿ, ಎಪಾಕ್ಸಿಯಲ್ಲಿ ತೋಯಿಸಿದ ಗ್ಲಾಸ್ ಬಟ್ಟೆಯ ಪದರ ಕೂರಿಸಬೇಕು. ಫೈಬರ್‌ಗ್ಲಾಸ್ 4 ಮಿ.ಮೀ. ದಪ್ಪ ಇದ್ದರೆ ಪ್ರತಿ ಬದಿಗೆ 48 ಮಿ.ಮೀ., ಅಂದರೆ 85 ಮಿ.ಮೀ. ತೂತು 181 ಮಿ.ಮೀ. ಅಗಲದ ರಿಪೇರಿಯಾಗುತ್ತದೆ. ಅದಕ್ಕೇ ಮೊದಲು ಹೊಸ ಪ್ಯಾನಲ್‌ನ ಅಳತೆಗೆ ರಟ್ಟು ಕತ್ತರಿಸಿ ಕನ್ಸೋಲ್ ಮೇಲೆ ಅಂಟಿಸಿ ನೋಡಿದೆ. ಹನ್ನೊಂದು ತೂತುಗಳಲ್ಲಿ ಏಳು ಅದರಡಿ ಹೋದವು. ಆ ಜಾಗವನ್ನೇ ಒಂದು ದೊಡ್ಡ ಆಯತವಾಗಿ, ಮೂಲೆ ದುಂಡಗೆ ಮಾಡಿ ಕತ್ತರಿಸಿದೆ. ಮುಚ್ಚಲು ಉಳಿದದ್ದು ನಾಲ್ಕೇ. ಎಪಾಕ್ಸಿ ಗಟ್ಟಿಯಾದ ಮೇಲೆ ಮೇಲ್ಮೈಯಲ್ಲಿ ಮೇಣದಂಥ ಜಿಡ್ಡು ಏಳಬಹುದು. ಉಜ್ಜುವ ಮೊದಲು ನೀರಲ್ಲಿ ತೊಳೆಯಿರಿ. ಹಾಗೇ ಉಜ್ಜಿದರೆ ಜಿಡ್ಡು ಸ್ಯಾಂಡ್‌ಪೇಪರ್‌ಗೆ ಮೆತ್ತಿಕೊಳ್ಳುತ್ತದೆ, ಬಣ್ಣವೂ ಕಚ್ಚುವುದಿಲ್ಲ. ಎಪಾಕ್ಸಿ ಮೇಲೆ ಜೆಲ್‌ಕೋಟ್ (ಫೈಬರ್‌ಗ್ಲಾಸ್ ಬೋಟಿನ ಹೊಳಪಿನ ಹೊರಪದರ) ಹಿಡಿಯುತ್ತದೋ ಇಲ್ಲವೋ ಎಂಬ ಗೊಡವೆಯೇ ಬೇಡ ಅಂತ ಎರಡು ಭಾಗದ ಪಾಲಿಯುರೆಥೇನ್ ಪೇಂಟ್ ಹೊಡೆದೆ.

ಪ್ಯಾನಲ್‌ಗೆ ಅಕ್ರಿಲಿಕ್ ಬೇಡ, ಸ್ಕ್ರೂ ಬಿಗಿದಲ್ಲೇ ಸೀಳುತ್ತದೆ. ಎಚ್‌ಡಿಪಿಇ (ಒಂದು ಬಗೆಯ ಪ್ಲಾಸ್ಟಿಕ್) ಹಲಗೆ ಕತ್ತರಿಸಲು ಬೆಣ್ಣೆಯಂತೆ, ಆದರೆ ಅದಕ್ಕೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. 60 ಸೆಂ.ಮೀ. ಹಲಗೆ 30 ಡಿಗ್ರಿ ಬಿಸಿ ಏರಿದರೆ ಎರಡು ಮೂರು ಮಿ.ಮೀ. ಹಿಗ್ಗಿ ಹೊಟ್ಟೆ ಉಬ್ಬಿಸಿ ನಿಲ್ಲುತ್ತದೆ. ನಾನು ಹಾಕಿದ್ದು 6 ಮಿ.ಮೀ. ಜಿ10, ಅಂದರೆ ಗ್ಲಾಸ್ ಎಪಾಕ್ಸಿ ಹಾಳೆ. ಅದಕ್ಕೆ ಕಾರ್ಬೈಡ್ ಬ್ಲೇಡೇ ಬೇಕು, ಮಾಸ್ಕ್ ಇಲ್ಲದೆ ಕತ್ತರಿಸುವ ಮಾತೇ ಬೇಡ. ಜೆಲ್‌ಕೋಟ್ ಇರುವ ಕಡೆ ತೂತು ಕೊರೆಯುವಾಗ ಹೋಲ್‌ಸಾವನ್ನು (ಡ್ರಿಲ್‌ಗೆ ಹಾಕುವ ದುಂಡು ಗರಗಸ) ಮೊದಲು ಉಲ್ಟಾ ತಿರುಗಿಸಿ ಮೇಲಿನ ಪದರ ಸವೆಸಿ. ಅಂಚು ಚಕ್ಕೆ ಏಳುವುದಿಲ್ಲ.

ಇನ್ನು ವೈರ್. ಬೋಟ್‌ಗಳಿಗೆ ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ ಎಬಿವೈಸಿಯ ಇ-11 ಮಾನದಂಡದಂತೆ ನ್ಯಾವಿಗೇಷನ್ ದೀಪ, ಎಲೆಕ್ಟ್ರಾನಿಕ್ಸ್, ಪ್ಯಾನಲ್‌ನ ಮುಖ್ಯ ಫೀಡ್ ಇವುಗಳಲ್ಲಿ ವೋಲ್ಟೇಜ್ ಕುಸಿತ 3% ದಾಟಬಾರದು. 12 ವೋಲ್ಟಿಗೆ ಅದು 0.36. ಬ್ಯಾಟರಿ 5 ಮೀಟರ್ ದೂರ, ಎಳೆತ 20 ಆಂಪಿಯರ್ ಅಂದುಕೊಳ್ಳಿ. ಹೋಗಿ ಬರುವ ಉದ್ದ 10 ಮೀಟರ್. 1 ಚದರ ಮಿ.ಮೀ. ತಾಮ್ರದ ವೈರಿಗೆ ಮೀಟರಿಗೆ 0.0172 ಓಮ್ ರೋಧ. 0.0172 × 10 × 20 ÷ 0.36 ಮಾಡಿದರೆ 9.6 ಬರುತ್ತದೆ, ಹಾಗಾಗಿ 10 ಚದರ ಮಿ.ಮೀ. ವೈರ್. ಹಳೆಯದು 4 ಚದರ ಮಿ.ಮೀ. ಇತ್ತು, ಅಷ್ಟು ಎಳೆದರೆ ಅದರಲ್ಲಿ 0.86 ವೋಲ್ಟ್ ಕಳೆದುಹೋಗುತ್ತದೆ. ಇಂಜಿನ್ ಸ್ಟಾರ್ಟ್ ಮಾಡುವಾಗ ಬ್ಯಾಟರಿ ವೋಲ್ಟೇಜೇ ಬಿದ್ದಿರುತ್ತದೆ, ಮೇಲೆ ಇದೂ ಸೇರಿದರೆ ಫಿಶ್‌ಫೈಂಡರ್ (ಮೀನು ಹುಡುಕುವ ಉಪಕರಣ) ಆಫ್ ಆಗಿ ಮತ್ತೆ ಆನ್ ಆಗುವುದರಲ್ಲಿ ವಿಚಿತ್ರವೇನಿಲ್ಲ. ಎಷ್ಟೋ ಜನ ಉಪಕರಣವೇ ಕೆಟ್ಟಿತು ಅಂತ ಬದಲಿಸುತ್ತಾರೆ!

ವೈರ್ ತವರ ಲೇಪಿತ ತಾಮ್ರದ್ದೇ ಇರಲಿ, ಅಳತೆಗಿಂತ 20% ಹೆಚ್ಚು ತನ್ನಿ. ವೈರ್ ತುದಿಗೆ ಹಾಕುವ ಲೋಹದ ಲಗ್‌ಗಳನ್ನು ರ‍್ಯಾಚೆಟ್ ಕ್ರಿಂಪರಿನಲ್ಲಿ ಒತ್ತಿ, ಒಂದೊಂದನ್ನೂ ಜಗ್ಗಿ ನೋಡಿ, ಒಳಗೆ ಅಂಟಿನ ಪದರವಿರುವ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿದೆ. ಬರೀ ಬೆಸುಗೆ ಸಾಲದು: ಬೆಸುಗೆ ಮುಗಿದಲ್ಲಿ ವೈರ್ ಪೆಡಸಾಗಿ, ಬೋಟಿನ ಅದುರಾಟಕ್ಕೆ ಅಲ್ಲೇ ಮುರಿಯುತ್ತದೆ. ಮುಖ್ಯ ಫ್ಯೂಸ್ ಬ್ಯಾಟರಿಯಿಂದ 18 ಸೆಂ.ಮೀ. ಒಳಗೆ. ಬೋಟಿನ ತಳದ ನೀರು ಹೊರಹಾಕುವ ಬಿಲ್ಜ್ ಪಂಪಿನ ಫ್ಲೋಟ್ ಸ್ವಿಚ್ (ನೀರು ಏರಿದರೆ ತಾನೇ ಆನ್ ಆಗುವ ಸ್ವಿಚ್) ಮೇನ್ ಸ್ವಿಚ್ ಮೂಲಕ ಹೋಗದೆ, ತನ್ನದೇ ಫ್ಯೂಸ್ ಮೂಲಕ ನೇರ ಬ್ಯಾಟರಿಗೆ. ಪ್ಯಾನಲ್ ಹಿಂದೆ ವೈರ್ ಸಡಿಲ ಬಿಡಿ, ಸ್ಕ್ರೂ ತೆಗೆದರೆ ಪ್ಯಾನಲ್ ಮುಂದಕ್ಕೆ ವಾಲಬೇಕು. ಸ್ಪೀಕರನ್ನು ದಿಕ್ಸೂಚಿಯಿಂದ ದೂರವಿಡಿ. ದಿಕ್ಸೂಚಿಯ ದೀಪದ ಎರಡು ವೈರುಗಳನ್ನು ಒಂದಕ್ಕೊಂದು ಹೊಸೆಯಿರಿ, ಇಲ್ಲವಾದರೆ ದೀಪ ಹಾಕಿದಾಗ ಮುಳ್ಳು ಸರಿಯಬಹುದು.

ಎಲೆಕ್ಟ್ರಾನಿಕ್ಸ್ ಬಿಟ್ಟು, ಖರ್ಚನ್ನು ನೂರು ಪಾಲು ಮಾಡಿದರೆ ವೈರ್, ಲಗ್, ಬಸ್‌ಬಾರ್ (ಹಲವು ವೈರ್ ಸೇರಿಸುವ ಲೋಹದ ಪಟ್ಟಿ), ಫ್ಯೂಸ್ ಬ್ಲಾಕ್ ಸೇರಿ 40. ಎಪಾಕ್ಸಿ, ಬಟ್ಟೆ, ಪೇಂಟ್, ಸ್ಯಾಂಡ್‌ಪೇಪರ್ 20. ಸ್ವಿಚ್, ಸಾಕೆಟ್ 20. ಕಣ್ಣಿಗೆ ಬೀಳುವ ಪ್ಯಾನಲ್ ಹಾಳೆ 10 ಮಾತ್ರ. ಸ್ಟೇನ್‌ಲೆಸ್ ಸ್ಕ್ರೂ, ಸೀಲೆಂಟ್, ಕ್ಲಿಪ್ಪುಗಳಂಥ ಚಿಲ್ಲರೆ ಸಾಮಾನೂ ಅಷ್ಟೇ ನುಂಗಿತು, ಅದನ್ನು ಮಾತ್ರ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕ್ರಿಂಪರ್, ಹೋಲ್‌ಸಾ ನನ್ನಲ್ಲಿದ್ದವು. ಇಲ್ಲದವರು ಅದನ್ನು ಬೇರೆಯೇ ಸೇರಿಸಿಕೊಳ್ಳಬೇಕು.

ಕೊನೆಗೆ ಎಲ್ಲ ಸ್ವಿಚ್ ಹಾಕಿ ಅಳೆದಾಗ ಬ್ಯಾಟರಿಯಲ್ಲಿ 12.5, ಪ್ಯಾನಲ್‌ನಲ್ಲಿ 12.2. ಆಮೇಲೆ ಪೈಪಿನಲ್ಲಿ ನೀರು ಹೊಡೆದು ನೋಡಿದೆ. ಪ್ಯಾನಲ್ ಅಂಚಿನಲ್ಲಿ ಹನಿಯೂ ಇಲ್ಲ; ನೀರು ಬಂದದ್ದು ನಾನು ಮುಟ್ಟದೇ ಬಿಟ್ಟಿದ್ದ ವಿಂಡ್‌ಶೀಲ್ಡ್ ಸ್ಕ್ರೂಗಳಿಂದ. ಅವನ್ನು ತೆಗೆದು ಸೀಲ್ ಮಾಡಲು ಇನ್ನೊಂದು ಗಂಟೆ ಹೋಯಿತು, 58ರಲ್ಲಿ ಅದಿಲ್ಲ.