ಟೆಂಪ್ಲೇಟ್ ಬಿಸಾಡಿದ ಮೇಲೇ ನನ್ನ ಥೀಸಿಸ್ ದಾರಿಗೆ ಬಂದಿದ್ದು

ಹೋದ ವಾರ ನನ್ನ ಥೀಸಿಸ್ ಫಾರ್ಮ್ಯಾಟ್ ಚೆಕಿಂಗ್ ಮುಗಿಸಿ ಹೊರಬಂತು, ಒಂದೇ ಒಂದು ಕೆಂಪು ಗುರುತಿಲ್ಲದೆ. 240 ಚಿಲ್ಲರೆ ಪುಟ, ಕೊನೆಯಲ್ಲಿ 310ರ ಆಸುಪಾಸು ರೆಫರೆನ್ಸು. ಬರೆದದ್ದು ಲೇಟೆಕ್‌ನಲ್ಲಿ, ಅಂದರೆ ಕೋಡ್ ಥರ ಬರೆದು ಕಂಪೈಲ್ ಮಾಡಿದರೆ ಪುಟ ಜೋಡಿಸಿಕೊಡುವ ಸಾಫ್ಟ್‌ವೇರ್‌ನಲ್ಲಿ. "ಲೇಟೆಕ್ ಎಲ್ಲಾ ಪೇಪರ್ ಬರೆಯೋಕೆ ಸರಿ, ಥೀಸಿಸ್‌ಗೆ ಬೇಡ, ಕೊನೆಗೆ ವರ್ಡ್‌ಗೇ ಬರ್ತೀಯ" ಅಂತ ಲ್ಯಾಬಿನಲ್ಲಿ ಮೂವರು ಹೇಳಿದ್ದರು. ಅದರಲ್ಲಿ ಇಬ್ಬರು ಈಗ ನನ್ನ ಫೋಲ್ಡರ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಲೇಟೆಕ್ ಆಗಲೇ ಬಳಸುವವರಿಗೆ ಇದು. ಅ ಆ ಇ ಈ ಇಂದ ಕಲಿಸುವ ತಾಳ್ಮೆ ನನಗಿಲ್ಲ.

ಮೊದಲು ನಾನೂ ಎಲ್ಲರ ಹಾಗೆ ಸೀನಿಯರ್ ಕೊಟ್ಟ ಟೆಂಪ್ಲೇಟ್ ಹಿಡಿದೆ. ಕೈಯಿಂದ ಕೈಗೆ ದಾಟಿ ಬಂದ ಕ್ಲಾಸ್ ಫೈಲ್ (ಇಡೀ ಥೀಸಿಸ್‌ನ ವಿನ್ಯಾಸ ಹೇಳುವ ಫೈಲ್), 900 ಸಾಲು ಇತ್ತೇನೋ, ಯಾರು ಬರೆದರೋ ದೇವರಿಗೇ ಗೊತ್ತು. ಒಳಗೆ ರೆಫರೆನ್ಸ್ ನೋಡಿಕೊಳ್ಳುವ ನ್ಯಾಟ್‌ಬಿಬ್ ಪ್ಯಾಕೇಜ್ ಮೊದಲೇ ಕೂತಿತ್ತು, ಅದೇ ಕೆಲಸದ ಬಿಬ್‌ಲೇಟೆಕ್ ಹಾಕಿದ ತಕ್ಷಣ ಜಗಳ. ಒಂದು ಚಿತ್ರದೊಳಗೆ ಹಲವು ಚಿತ್ರ ಜೋಡಿಸುವ ಸಬ್‌ಫಿಗ್ ಇತ್ತು, ನನ್ನ ಅಧ್ಯಾಯಗಳಲ್ಲೆಲ್ಲ ಅದೇ ಕೆಲಸದ ಸಬ್‌ಕ್ಯಾಪ್ಷನ್. ಅವೆರಡೂ ಒಂದೇ ಮನೆಯಲ್ಲಿ ಬಾಳುವುದಿಲ್ಲ ಅಂತ ನಿಮಗೆ ಗೊತ್ತೇ ಇದೆ. ಒಂದು ಎರರ್ ತೆಗೆದರೆ ಎರಡು ಹುಟ್ಟುತ್ತಿದ್ದವು, ಮೂರು ವಾರ ಹಾಗೇ ಹೋಯಿತು. ಆಮೇಲೆ ಒಂದು ರಾತ್ರಿ ಸಿಟ್ಟು ಬಂದು ಅಷ್ಟನ್ನೂ ತೆಗೆದುಹಾಕಿ, ಲೇಟೆಕ್‌ನದೇ ಬೋಳು ಬುಕ್ ಕ್ಲಾಸ್ ತೆಗೆದುಕೊಂಡು, ನಿಯಮದ ಪುಸ್ತಿಕೆಯನ್ನು ಪಕ್ಕದಲ್ಲಿಟ್ಟು ಒಂದೊಂದು ನಿಯಮಕ್ಕೆ ಒಂದೊಂದು ಸಾಲು ಬರೆಯುತ್ತಾ ಹೋದೆ. ಮಾರ್ಜಿನ್‌ಗೆ ಜಿಯಾಮೆಟ್ರಿ, ಸಾಲಿನ ಅಂತರಕ್ಕೆ ಸೆಟ್‌ಸ್ಪೇಸ್, ಪುಟದ ತಲೆಬರಹಕ್ಕೆ ಫ್ಯಾನ್ಸಿ ಹೆಡರ್, ಕೊನೆಯಲ್ಲಿ ಲಿಂಕ್‌ಗಳಿಗೆ ಹೈಪರ್‌ರೆಫ್. ಒಟ್ಟು 40 ಸಾಲು ದಾಟಲಿಲ್ಲ.

ತಪ್ಪುಗಳಿಗೇನು ಕಮ್ಮಿ ಇರಲಿಲ್ಲ. ನಿಯಮದಲ್ಲಿ ಸಾಲಿನ ಅಂತರ ಒಂದೂವರೆ ಅಂತಿತ್ತು. ಸುಮ್ನೆ ಅಂತರ ಹಿಗ್ಗಿಸುವ ಲೈನ್‌ಸ್ಪ್ರೆಡ್ ಕಮಾಂಡ್‌ಗೆ 1.5 ಕೊಟ್ಟೆ. ಪುಟ 280 ದಾಟಿತು! ಲೇಟೆಕ್ ಮೊದಲೇ ಅಕ್ಷರದ ಗಾತ್ರದ ಸುಮಾರು 1.2 ಪಟ್ಟು ಅಂತರ ಇಟ್ಟಿರುತ್ತದೆ, ಅದನ್ನು ಮತ್ತೆ ಒಂದೂವರೆ ಪಟ್ಟು ಮಾಡಿದರೆ 1.8, ಅಂದರೆ ಹೆಚ್ಚುಕಮ್ಮಿ ಡಬಲ್. ಸೆಟ್‌ಸ್ಪೇಸ್‌ನ ಒನ್‌ಹಾಫ್ ಸ್ಪೇಸಿಂಗ್ ಹಾಕಿದರೆ 12 ಪಾಯಿಂಟ್ ಅಕ್ಷರಕ್ಕೆ 1.24 ಪಟ್ಟಿನ ಲೆಕ್ಕ ಹಿಡಿದು ಸರಿಯಾಗಿ 18 ಪಾಯಿಂಟ್‌ಗೆ ನಿಲ್ಲಿಸುತ್ತದೆ. ಪುಟ ವಾಪಸ್ 240ಕ್ಕೆ ಇಳಿಯಿತು.

ದುಡ್ಡು ಹೋಗಿದ್ದು ಮಾರ್ಜಿನ್‌ನಲ್ಲಿ. ಎಡಗಡೆ 38 ಮಿಲಿಮೀಟರ್ ಅಂತ ಸರಿಯಾಗೇ ಕೊಟ್ಟಿದ್ದೆ. ಚೆಕ್ ಮಾಡುವವರು ಸ್ಕೇಲ್ ಇಟ್ಟು ಅಳೆದರೆ 40! ಎರಡು ದಿನ ಜಿಯಾಮೆಟ್ರಿಯ ಜೊತೆ ಗುದ್ದಾಡಿದೆ, ಪಾಪ ಅದರದ್ದೇನೂ ತಪ್ಪಿರಲಿಲ್ಲ. ಪ್ರಿಂಟ್ ಮಾಡುವಾಗ 'ಫಿಟ್ ಟು ಪೇಜ್' ಟಿಕ್ ಆಗಿತ್ತು, ಪುಟ 97 ಪರ್ಸೆಂಟ್‌ಗೆ ಕುಗ್ಗಿತ್ತು. ಐದು ಪ್ರತಿ, ಕಲರ್ ಪುಟಗಳ ಸಮೇತ, ಎಲ್ಲಾ ರದ್ದಿಗೆ. ಹೊರಗೆ ಫಾರ್ಮ್ಯಾಟ್ ಮಾಡಿಕೊಡುವವರೊಬ್ಬರು ಪುಟಕ್ಕಿಷ್ಟು ಅಂತ ಲೆಕ್ಕ ಹಾಕಿ ನನ್ನ ತಿಂಗಳ ಫೆಲೋಶಿಪ್‌ನ ಅರ್ಧ ಕೇಳಿದ್ದರು, ತಿದ್ದುಪಡಿ ಬಂದರೆ ಮತ್ತೆ ಬೇರೆ ದುಡ್ಡು. ಅದನ್ನು ಉಳಿಸಿದೆ ಅಂತ ಬೀಗುತ್ತಿದ್ದವನು ಅದರಲ್ಲಿ ಸುಮಾರು ಕಾಲು ಭಾಗವನ್ನು ಒಂದು ಟಿಕ್ ಮಾರ್ಕ್‌ಗೆ ಕಳೆದೆ.

ಈಗ ಅಸಲಿ ತಲೆನೋವು, ಬಿಬ್ಲಿಯಾಗ್ರಫಿ ಸ್ಟೈಲ್, ಅಂದರೆ ರೆಫರೆನ್ಸ್ ಪಟ್ಟಿ ಬರೆಯುವ ರೀತಿ. ನಿಯಮದಲ್ಲಿ ಹೆಸರಿರುವ ಯಾವ ಸ್ಟೈಲೂ ಇಲ್ಲ, ನಾಲ್ಕು ಮಾದರಿ ಎಂಟ್ರಿ ಮಾತ್ರ. ಅದರಲ್ಲೂ ಒಂದರಲ್ಲಿ 'ಆ್ಯಂಡ್' ಅಂತ ಪೂರ್ತಿ ಬರೆದಿದ್ದರೆ ಇನ್ನೊಂದರಲ್ಲಿ ಚಿಹ್ನೆ! ಬಿಬ್‌ಲೇಟೆಕ್ ಅಭಿಮಾನಿಗಳು ಬೈಯಬಹುದು, ಆದರೆ ನನ್ನ ಮೂರು ಅಧ್ಯಾಯ ಆಗಲೇ ಜರ್ನಲ್‌ಗಳಿಗೆ ನ್ಯಾಟ್‌ಬಿಬ್‌ನಲ್ಲಿ ಹೋಗಿದ್ದವು, ಹಾಗಾಗಿ ನ್ಯಾಟ್‌ಬಿಬ್‌ನ ಹಿಂದೆ ರೆಫರೆನ್ಸ್ ಪಟ್ಟಿ ಮಾಡಿಕೊಡುವ, 1985ರ ಆ ಮುದುಕ ಬಿಬ್‌ಟೆಕ್‌ನ ಜೊತೆಗೇ ಉಳಿದೆ. ಸ್ಟೈಲ್ ಫೈಲನ್ನು ಮೇಕ್‌ಬಿಎಸ್‌ಟಿ ಅನ್ನೋ ಟೂಲಿನಿಂದ ಮಾಡಿಕೊಂಡೆ. ಅದು ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತದೆ, ವಾಲ್ಯೂಮ್ ದಪ್ಪಕ್ಕೆ ಬೇಕಾ, ವರ್ಷಕ್ಕೆ ಬ್ರ್ಯಾಕೆಟ್ ಬೇಕಾ, ಹೀಗೆ ಮುಕ್ಕಾಲು ಗಂಟೆ. ಒಂದು ಉತ್ತರ ತಪ್ಪಿದರೆ ಮತ್ತೆ ಮೊದಲಿಂದ ಅಂದುಕೊಂಡು ಮೂರು ಸಲ ಕೂತೆ. ಆಮೇಲೆ ನೋಡಿದರೆ ಉತ್ತರಗಳೆಲ್ಲ ಅದೇ ಟೂಲ್ ಪಕ್ಕದಲ್ಲಿ ಉಳಿಸಿದ ಡಿಬಿಜೆ ಫೈಲಿನಲ್ಲೇ ಕೂತಿವೆ. ಬೇಡದ ಆಯ್ಕೆಗಳ ಮುಂದೆ ಪರ್ಸೆಂಟ್ ಚಿಹ್ನೆ ಇರುತ್ತದೆ, ಅದನ್ನು ಅತ್ತಿಂದಿತ್ತ ಸರಿಸಿ ಆ ಫೈಲನ್ನೇ ಲೇಟೆಕ್‌ಗೆ ಕೊಟ್ಟರೆ ಹೊಸ ಸ್ಟೈಲ್ ರೆಡಿ. ಅರ್ಧ ನಿಮಿಷದ ಕೆಲಸ. ಇನ್ನು ಒಂದೇ ವರ್ಷದ ಎರಡು ಪೇಪರ್‌ಗಳ ಎ, ಬಿ ಕ್ರಮವನ್ನು ನಮ್ಮವರು ಕೇಳಿದ ಹಾಗೆ ಹೇಗೆ ತಂದೆ ಅನ್ನೋದನ್ನು ಇಲ್ಲಿ ಹೇಳಲ್ಲ, ಅದಕ್ಕೆ ನನಗೆ ಹತ್ತು ದಿನ ಹಿಡಿದಿದೆ.

ಹೆಸರುಗಳು ಇನ್ನೊಂದು ಕಥೆ. ಸಂಸ್ಥೆಯ ಹೆಸರನ್ನು ಹಾಗೇ ಬರೆದಿದ್ದೆ, ಬಿಬ್‌ಟೆಕ್ ಅದನ್ನೂ ಮನುಷ್ಯ ಅಂದುಕೊಂಡು ವಿಶ್ವ ಆರೋಗ್ಯ ಸಂಸ್ಥೆಗೆ 'ಆರ್ಗನೈಸೇಷನ್' ಅನ್ನೋ ಸರ್‌ನೇಮ್, 'ಡಬ್ಲ್ಯೂ. ಎಚ್.' ಅನ್ನೋ ಇನಿಷಿಯಲ್ ಕೊಟ್ಟುಬಿಟ್ಟಿತ್ತು. ಜೋಡಿ ಹೂಬ್ರ್ಯಾಕೆಟ್ ಹಾಕಿದ ಮೇಲೆ ಸರಿಹೋಯಿತು. ಇನಿಷಿಯಲ್ ಕೊನೆಗೆ ಬರುವ ಹೆಸರಿದ್ದರೆ ಆ ಒಂಟಿ ಅಕ್ಷರವೇ ಸರ್‌ನೇಮ್ ಆಗುತ್ತದೆ, ಮಧ್ಯೆ ಕಾಮಾ ಹಾಕಿ. ಒಂದು ಫ್ರೆಂಚ್ ಹೆಸರಿನ ಮೊದಲ ಅಕ್ಷರಕ್ಕೆ ಆಕ್ಸೆಂಟ್ ಇತ್ತು. ಬಿಬ್‌ಟೆಕ್ ಇನಿಷಿಯಲ್ ಮಾಡಲು ಹೋಗಿ ಎರಡು ಬೈಟಿನ ಅಕ್ಷರದಲ್ಲಿ ಒಂದು ಬೈಟ್ ಮಾತ್ರ ಕತ್ತರಿಸಿಕೊಂಡು ಬಂತು, ಅಕ್ಷರ ಗುರುತಾಗದೆ ಯುಟಿಎಫ್ ಎರರ್ ಬಂತು, ರಾತ್ರಿ ಎರಡು ಗಂಟೆಯವರೆಗೆ ನಾನು ಹುಡುಕಿದ್ದು ಮಾತ್ರ ಬೇರೆ ಫೈಲಿನಲ್ಲಿ. ಅಂಥ ಅಕ್ಷರಗಳನ್ನು ಹೂಬ್ರ್ಯಾಕೆಟ್ ಒಳಗೆ ಹಳೇ ಬ್ಯಾಕ್‌ಸ್ಲ್ಯಾಶ್ ಪದ್ಧತಿಯಲ್ಲೇ ಬರೆಯಿರಿ, ಸಾಕು.

ಮಧ್ಯೆ ಒಂದು ಹುಚ್ಚು. ಅರ್ಪಣೆಯ ಪುಟ ಕನ್ನಡದಲ್ಲೇ ಇರಲಿ ಅನ್ನಿಸಿತು. ನಾನು ಕಂಪೈಲ್ ಮಾಡುತ್ತಿದ್ದ ಪಿಡಿಎಫ್‌ಲೇಟೆಕ್‌ನಲ್ಲಿ ಸುಲಭವಾಗಿ ಆಗುವ ಮಾತಲ್ಲ. ಇಡೀ ಥೀಸಿಸ್ಸನ್ನು ಯೂನಿಕೋಡ್ ಫಾಂಟ್ ಅರ್ಥವಾಗುವ ಝೀಲೇಟೆಕ್‌ಗೆ ಹಾಕಿ ನೋಡಿದೆ, ಕನ್ನಡ ಚೆನ್ನಾಗಿ ಬಂತು, ಆದರೆ ಸಾಲಿನ ಅಂಚು, ಅಂತರ ತಿದ್ದುವ ಮೈಕ್ರೋಟೈಪ್‌ನ ಅರ್ಧ ಕೆಲಸ ಅಲ್ಲಿ ನಡೆಯಲ್ಲ, ಪ್ಯಾರಾಗಳ ಅಂಚೆಲ್ಲ ಕೆಟ್ಟಿತು. ಕೊನೆಗೆ ಆ ಒಂದು ಪುಟವನ್ನು ಮಾತ್ರ ಝೀಲೇಟೆಕ್‌ನಲ್ಲಿ ಬೇರೆ ಮಾಡಿ, ಪಿಡಿಎಫ್‌ಪೇಜಸ್ ಪ್ಯಾಕೇಜಿನಿಂದ ಆ ಪಿಡಿಎಫ್ ಪುಟವನ್ನು ಒಳಗೆ ತಂದೆ. ಫಾಂಟ್ ಹಾಕುವಾಗ ಸ್ಕ್ರಿಪ್ಟ್ ಕನ್ನಡ ಅಂತ ಹೇಳೋದು ಮರೀಬೇಡಿ, ಇಲ್ಲದಿದ್ದರೆ ಒತ್ತಕ್ಷರ ಎಲ್ಲಾ ಬಿಚ್ಚಿಕೊಂಡು ಕೂರುತ್ತವೆ.

ಸಾಫ್ಟ್ ಕಾಪಿಯೂ ಒಂದು ಸಲ ವಾಪಸ್ ಬಂತು, ಪಿಡಿಎಫ್ ಒಳಗೆ ಟೈಪ್ 3 ಅನ್ನೋ ಬಗೆಯ ಫಾಂಟ್ ಇದೆ ಅಂತ. ಅದು ಲೇಟೆಕ್‌ನಿಂದಲ್ಲ, ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಮಾಡಿದ ಗ್ರಾಫ್‌ಗಳಿಂದ. ಅಲ್ಲಿ ಫಾಂಟ್ ಟೈಪ್ 42 ಮಾಡಿ 60 ಚಿತ್ರ ಮತ್ತೆ ತೆಗೆದೆ.

ಗೈಡ್‌ಗೆ ವರ್ಡ್ ಬಿಟ್ಟರೆ ಆಗಲ್ಲ ಅಂತ ಎಲ್ಲರೂ ಹೆದರಿಸಿದ್ದರು. ಎರಡು ಆವೃತ್ತಿ ಹೋಲಿಸುವ ಲೇಟೆಕ್‌ಡಿಫ್ ಹಾಕಿ ಬದಲಾದ ಕಡೆಯೆಲ್ಲ ಬಣ್ಣ ಬರುವ ಪಿಡಿಎಫ್ ಕೊಟ್ಟೆ. ಅವರು ಮೊದಲ ಸಲ ಪೂರ್ತಿ ಓದಿದರು, ಅದೇ ನನಗೆ ತೊಂದರೆ ಆಗಿದ್ದು ಬಿಡಿ.

ಮೊನ್ನೆ ಫೋಲ್ಡರ್ ತಗೊಂಡು ಹೋದ ಒಬ್ಬ ನಿನ್ನೆ ಫೋನ್ ಮಾಡಿದ್ದ, ನಿನ್ನ ಫೈಲ್ ಕಂಪೈಲೇ ಆಗಲ್ಲ ಅಂತ. ಕಳಿಸು ಅಂದೆ. ತೆಗೆದು ನೋಡಿದರೆ ನನ್ನ 40 ಸಾಲಿನ ಕೆಳಗೆ ಆ ಹಳೇ ಟೆಂಪ್ಲೇಟಿನಿಂದ ಸಬ್‌ಫಿಗ್ ಸಾಲನ್ನು ತಂದು ಅಂಟಿಸಿದ್ದಾನೆ.