ಹೊರದೇಶದಲ್ಲಿರುವ ಬಳ್ಳಾರಿಯವರೇ, ಪಾಸ್‌ಪೋರ್ಟ್ ರಿನ್ಯೂವಲ್‌ಗೆ ಮೊದಲು ಇದನ್ನು ನೋಡಿಕೊಳ್ಳಿ

ಕಾನ್ಸುಲೇಟ್ ಅಪಾಯಿಂಟ್‌ಮೆಂಟ್ ಸಿಕ್ಕಿತು ಅಂತ ಸುಮ್ನೆ ಹೊರಟುಬಿಡಬೇಡಿ. ಮೊದಲು ಎಲ್ಲ ಕಾಗದ ಹರಡಿಕೊಂಡು ಹೆಸರು, ಊರು ಅಕ್ಷರ ಅಕ್ಷರ ಹೊಂದಿಸಿ ನೋಡಿ. ನಮ್ಮ ಊರಿನ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಬದಲಾಯಿತು. ಹಳೇ ಪಾಸ್‌ಪೋರ್ಟಿನಲ್ಲಿ ‘ಬೆಲ್ಲಾರಿ’, ಈಗ ತೆಗೆಸಿದ ಜನನ ಪ್ರಮಾಣಪತ್ರದಲ್ಲಿ ‘ಬಳ್ಳಾರಿ’. ನಮಗೆ ಎರಡೂ ಒಂದೇ, ಕೌಂಟರಿನಲ್ಲಿ ಕೂತವರಿಗೆ ಎರಡು ಊರು! ಹೆಸರು ಬದಲಾವಣೆಯ ಸರ್ಕಾರಿ ಆದೇಶದ ಪ್ರತಿ ಜೊತೆಗಿದ್ದರೆ ವಾದ ಕಮ್ಮಿ.

ಇನಿಷಿಯಲ್ ಕಥೆ ಇನ್ನೂ ಜಾಸ್ತಿ. ಮಾರ್ಕ್ಸ್ ಕಾರ್ಡಿನಲ್ಲಿ ಬರೀ ‘ಕೆ.’ ಅಂತ ಇರುತ್ತದೆ, ಅಲ್ವಾ? ಪಾಸ್‌ಪೋರ್ಟ್ ಅರ್ಜಿಯಲ್ಲಿ ಅದನ್ನು ಬಿಡಿಸಿ ಬರೆಯಬೇಕು. ಅದು ತಂದೆ ಹೆಸರೋ, ಊರ ಹೆಸರೋ, ಮನೆತನದ ಹೆಸರೋ ಮೊದಲೇ ಗಟ್ಟಿ ಮಾಡಿಕೊಂಡು ಎಲ್ಲ ಕಡೆ ಅದನ್ನೇ ಬರೆಯಿರಿ.

ಪೊಲೀಸ್ ವೆರಿಫಿಕೇಶನ್ ಊರಿನ ವಿಳಾಸಕ್ಕೆ ಹೋಗಬಹುದು. ಅಪ್ಪ-ಅವ್ವನಿಗೆ ಫೋನ್ ಮಾಡಿ ಹೇಳಿಡಿ. ‘ಮಗ ಇಲ್ಲಿಲ್ರೀ’ ಅಂತ ಅಷ್ಟೇ ಹೇಳಿ ಕಳಿಸಿದರೆ ಫೈಲ್ ಅಲ್ಲೇ ಕೂರುತ್ತದೆ.

ಮಗು ಹೊರದೇಶದಲ್ಲೇ ಹುಟ್ಟಿದ್ದರೆ ಒಂದು ವರ್ಷದೊಳಗೆ ಕಾನ್ಸುಲೇಟಿನಲ್ಲಿ ಜನನ ನೋಂದಣಿ ಮಾಡಿಸಿ. ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ.