ಬೀಗ ತೆಗೆದ ಫೋನು ಕೈದಾಟಿದಾಗ

ವಾಹನ ತಪಾಸಣೆಗೆ ನಿಂತಿದ್ದ ಪೊಲೀಸರು ಕೈ ಅಡ್ಡ ಹಿಡಿದರು. ಡಿಎಲ್, ಆರ್‌ಸಿ ಎರಡೂ ದಾಖಲೆ ಇಡುವ ಸರ್ಕಾರಿ ಆ್ಯಪ್ ಡಿಜಿಲಾಕರ್‌ನಲ್ಲಿದ್ದವು. ತೆರೆದು ಫೋನನ್ನೇ ಅವರ ಕೈಗಿತ್ತೆ. ಅವರು ಅದನ್ನು ಹಿಡಿದು ರಸ್ತೆಯಾಚೆ ನಿಂತಿದ್ದ ಸಾಹೇಬರ ಬಳಿ ಹೋದರು. ಎರಡು ನಿಮಿಷದಲ್ಲಿ ಬಂದು, "ತೊಗೊಳ್ಳಿ ಸಾರ್, ಲ್ಯಾಬ್‌ನಿಂದ ಮೆಸೇಜ್ ಬಂದಿದೆ. ನಿಮ್ಮ ಶುಗರ್ ರಿಪೋರ್ಟ್ ಸಿದ್ಧವಾಗಿದೆಯಂತೆ" ಎಂದರು.

ಅವರ ಮೇಲೆ ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ. ಲೈಸೆನ್ಸ್ ತೋರಿಸಿ ಎಂದರೆ ಯಾರಾದರೂ ಪರ್ಸನ್ನೇ ಎತ್ತಿ ಕೊಡುತ್ತಾರೆಯೇ? ನಾನು ಕೊಟ್ಟಿದ್ದೆ. ಅದೂ ಬ್ಯಾಂಕು, ಆಸ್ಪತ್ರೆ, ಮನೆಯವರ ಫೋಟೊ ಎಲ್ಲವೂ ಇದ್ದ ಪರ್ಸನ್ನು.

ಅಂದಿನಿಂದ ಫೋನನ್ನು ಕೈಯಲ್ಲೇ ಹಿಡಿದು ತೋರಿಸುತ್ತೇನೆ. ಕೊಡಲೇಬೇಕಾಗಿ ಬಂದರೆ ಆಂಡ್ರಾಯ್ಡ್‌ನಲ್ಲಿರುವ ಆ್ಯಪ್ ಪಿನ್ನಿಂಗ್ ಹಾಕಿ ಕೊಡುತ್ತೇನೆ. ಡಿಜಿಲಾಕರ್ ಬಿಟ್ಟು ಬೇರೆಡೆಗೆ ಹೋಗಲು ನನ್ನ ಪಿನ್ ಬೇಕಾಗುವಂತೆ ಅದನ್ನು ಹೊಂದಿಸಿದ್ದೇನೆ. ಬೀಗ ಹಾಕಿದ ಪರದೆಯ ಮೇಲೆ ಸಂದೇಶದ ಒಕ್ಕಣೆ ಕಾಣದಂತೆಯೂ ಮಾಡಿದೆ. ಇಲ್ಲದಿದ್ದರೆ ಒಟಿಪಿ ಓದಲು ಕಳ್ಳನಿಗೆ ಬೀಗ ಒಡೆಯುವ ಶ್ರಮವೂ ಇರುವುದಿಲ್ಲ.

ಡಿಜಿಲಾಕರ್ ಅನ್ನು ಬೈಯಲು ನನಗೆ ಕಾರಣ ಸಿಗಲಿಲ್ಲ. ಸರ್ಕಾರಿ ಇಲಾಖೆಯಿಂದಲೇ ಬಂದು ಕುಳಿತ ದಾಖಲೆ ಅದರಲ್ಲಿರುತ್ತದೆ, ಮೂಲ ಪ್ರತಿಗೆ ಸಮ. ನಾವೇ ಸ್ಕ್ಯಾನ್ ಮಾಡಿ ಏರಿಸಿದ್ದಕ್ಕೆ ಆ ಮಾನ್ಯತೆ ಇಲ್ಲ. ರೈಲಿನಲ್ಲಿ ಗುರುತಿಗಾಗಿ ತೋರಿಸಿದರೂ ನಡೆಯುವುದಿಲ್ಲ. ಸೋರಿಕೆ ಇದ್ದದ್ದು ಬೇರೆ ಕಡೆ. ಆ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಹಳೆಯ ಫೈಲು, ಫೋಟೊಗಳನ್ನು ಹುಡುಕುತ್ತಾ ಕುಳಿತೆ. ಹಳೆಯ ಬಾಡಿಗೆ ಮನೆಯ ಮಾಲೀಕರು, ಸಿಮ್ ಮಾರಿದ ಹುಡುಗ, ಯಾವುದೋ ಮದುವೆಗೆ ಹೋದಾಗ ತಂಗಿದ್ದ ಲಾಡ್ಜ್, ಹೀಗೆ ಹನ್ನೊಂದು ಕಡೆ ನನ್ನ ಆಧಾರ್ ಸಿಕ್ಕಿತು. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವಂತೆಯೂ ಇಲ್ಲ. ಇಂಗ್ಲಿಷಿನಲ್ಲಿ ಹೆಸರಿನ ಮೊದಲ ನಾಲ್ಕು ಅಕ್ಷರ, ಮುಂದೆ ಹುಟ್ಟಿದ ಇಸವಿ, ಅಷ್ಟೇ ಆ ಪಾಸ್‌ವರ್ಡ್. ನನ್ನ ಸಹಪಾಠಿಗಳೆಲ್ಲರೂ ಅದನ್ನು ತೆರೆಯಬಲ್ಲರು.

ನನ್ನ ಫೋನಿನಿಂದ ಎಲ್ಲವನ್ನೂ ಅಳಿಸಿದೆ. ಅವರ ಫೋನುಗಳಲ್ಲಿ ಉಳಿದದ್ದು ಉಳಿಯಿತು. ಈಗ ಯಾರು ಕೇಳಿದರೂ ಮೊದಲ ಎಂಟು ಅಂಕಿ ಮರೆಯಾಗಿ ಕೊನೆಯ ನಾಲ್ಕು ಮಾತ್ರ ಕಾಣುವ ಮಾಸ್ಕ್ ಆಧಾರ್ ಕೊಡುತ್ತೇನೆ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಹೀಗೆ ಮಾಡಿ ಎಂದು ಪ್ರಕಟಣೆ ಹೊರಡಿಸಿತ್ತು; ತಪ್ಪು ತಿಳಿವಳಿಕೆಗೆ ಎಡೆಯಾಗುತ್ತದೆಂದು ಎರಡೇ ದಿನದಲ್ಲಿ ಅದನ್ನು ಹಿಂಪಡೆಯಲಾಯಿತು. ಪ್ರಕಟಣೆ ಹೋಯಿತು, ಸಲಹೆಯನ್ನು ನಾನು ಇಟ್ಟುಕೊಂಡೆ.

ಆಧಾರ್ ಪ್ರಾಧಿಕಾರದ ಎಂ-ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚಿಗೂ ಬೀಗ ಹಾಕಿದ್ದೆ. ಹಾಕಿದ್ದನ್ನು ಮರೆತು ನ್ಯಾಯಬೆಲೆ ಅಂಗಡಿಗೆ ಹೋದೆ. ಹೆಬ್ಬೆರಳನ್ನು ಪಂಚೆಗೆ ಒರೆಸಿ ಒರೆಸಿ ಒತ್ತಿದರೂ ಯಂತ್ರ ಒಪ್ಪದು. ಹಿಂದಿದ್ದ ಅಜ್ಜಿ, "ಸುಣ್ಣ ಹಚ್ಚಿದ ಕೈಯೇನಪ್ಪಾ?" ಎಂದರು. ಪಕ್ಕಕ್ಕೆ ಸರಿದು ಬೀಗ ತೆಗೆದು ಮತ್ತೆ ಸಾಲಿನ ಕೊನೆಗೆ ನಿಂತೆ.

ಇನ್ನು ಸಿಮ್ ಲಾಕ್. ಫೋನು ಕಳೆದರೆ ಅದರ ಬೀಗ ಗಟ್ಟಿಯಾಗಿದ್ದರೂ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ನಮ್ಮ ಒಟಿಪಿಗಳೆಲ್ಲ ಅಲ್ಲಿಗೆ ಹೋಗುತ್ತವೆ. ಸಿಮ್‌ಗೇ ಪಿನ್ ಇಟ್ಟರೆ ಆ ದಾರಿ ಮುಚ್ಚುತ್ತದೆ. ಇದು ತಿಳಿದ ಉತ್ಸಾಹದಲ್ಲಿ ಅಪ್ಪನ ಫೋನಿಗೂ ಹಾಕಿದೆ. ಒಂದು ದಿನ ಫೋನು ಆಫ್ ಆಗಿ ಆನ್ ಆದಾಗ ಅವರು ಮೂರು ಬಾರಿ ತಪ್ಪು ಪಿನ್ ಒತ್ತಿದರು; ಸಿಮ್ ತನ್ನ ಬೀಗ ಬಿಡಿಸುವ ಪಿಯುಕೆ ಸಂಖ್ಯೆ ಕೇಳುತ್ತಾ ಕುಳಿತಿತು. ಅದನ್ನು ಪಡೆಯಲು ಅರ್ಧ ದಿನ ಹೋಯಿತು. "ಕಳ್ಳನಿಗಿಂತ ಮೊದಲು ನನ್ನನ್ನೇ ಹೊರಗೆ ಹಾಕಿದೆಯಲ್ಲೋ" ಎಂದರು ಅಪ್ಪ. ಹೊಸ ಪಿನ್ ಅನ್ನು ಪಂಚಾಂಗದ ಕೊನೆಯ ಪುಟದಲ್ಲಿ ಹಾಲಿನ ಲೆಕ್ಕದ ಕೆಳಗೆ ಬರೆದಿಟ್ಟಿದ್ದಾರೆ. ಯುಗಾದಿಗೆ ಹೊಸ ಪಂಚಾಂಗ ಬಂದಾಗ ಅದಕ್ಕೂ ನಕಲು ಮಾಡಿಕೊಂಡರು.